ಬೂಸಾದ ಬೆಲೆ

ಕಲಬುರಗಿ ಜಿಲ್ಲೆಯ ಕಮಲಾಪುರದ ಸಂತೆಯಲ್ಲಿ ಯಾರನ್ನಾದರೂ ನಿಲ್ಲಿಸಿ ‘ಬೂಸಾ’ ಎಂದು ನೋಡಿ. ಯಾರೂ ಸಿಟ್ಟಾಗುವುದಿಲ್ಲ. ‘ಚೀಲಕ್ಕ ಎಷ್ಟು?’ ಎಂದು ಕೇಳುತ್ತಾರೆ. ಕೆಂಪು ಬಾಳೆಗೆ ಹೆಸರಾದ ಈ ಊರಿನ ಸುತ್ತಲೂ ತೊಗರಿ, ಜೋಳದ ಹೊಲಗಳಿವೆ. ಅಲ್ಲಿಂದ ತೊಗರಿ ಕಲಬುರಗಿಯ ದಾಲ್ ಮಿಲ್‌ಗಳಿಗೆ ಹೋಗುತ್ತದೆ. ಬೇಳೆ ಒಡೆದ ಮೇಲೆ ಉಳಿಯುವ ಸಿಪ್ಪೆ, ನುಚ್ಚು, ಹುಡಿ ಇವುಗಳಲ್ಲಿ ಯಾವುದೂ ತಿಪ್ಪೆ ಸೇರುವುದಿಲ್ಲ. ಚೀಲ ತುಂಬಿ, ಬಾಯಿ ಹೊಲಿದು, ಅದೇ ಹಳ್ಳಿಗಳಿಗೆ ದನದ ಮೇವಾಗಿ ಮರಳುತ್ತದೆ. ‘ಎಮ್ಮಿಗಿ ಬೂಸಾ ಇಟ್ಟಿ ಏನ್ ಯವ್ವಾ?’ ಎಂದು ಅತ್ತೆ ಸೊಸೆಯನ್ನು ಕೇಳಿದರೆ ಅದರಲ್ಲಿ ಸಂಜೆಯ ಹಾಲಿನ ಲೆಕ್ಕ ಇರುತ್ತದೆ.

ಸಂಸ್ಕೃತದಲ್ಲಿ ‘ಬುಸ’ ಎಂದರೆ ಹೊಟ್ಟು. ಹಿಂದಿ, ಉರ್ದುಗಳಲ್ಲಿ ಅದು ‘ಭೂಸಾ’. ದಖನಿ ಮಾತು ಬೀದಿಬೀದಿಯಲ್ಲಿ ಕೇಳುವ ಕಲಬುರಗಿಯಲ್ಲಿ ಕೆಲವರ ಬಾಯಲ್ಲಿ ಆ ಮಹಾಪ್ರಾಣ ಇನ್ನೂ ಉಳಿದಿದೆ. ಕೊಟ್ಟಿಗೆಯಿಂದ ದೂರ ಹೋದಷ್ಟೂ ಪದದ ಮರ್ಯಾದೆ ಕಡಿಮೆಯಾಗುತ್ತ ಹೋಯಿತು. ಪಟ್ಟಣದ ಮೇಷ್ಟರಿಗೆ ದಡ್ಡ ಹುಡುಗನ ತಲೆಯಲ್ಲಿ ಬೂಸಾ ಕಂಡಿತು. ಕಾಲೇಜು ಹುಡುಗರಿಗೆ ಹಿಡಿಸದ ಪಾಠವೆಲ್ಲ ಬೂಸಾ ಆಯಿತು. ದನ ಕಟ್ಟಿದವರಿಗೆ ದುಡ್ಡು ಕೊಟ್ಟು ತರುವ ವಸ್ತು, ಕಟ್ಟದವರಿಗೆ ಬೈಗುಳ.

ಈ ಎರಡು ಅರ್ಥಗಳು 1973ರ ನವೆಂಬರ್‌ನಲ್ಲಿ ಮೈಸೂರಿನಲ್ಲಿ ಡಿಕ್ಕಿ ಹೊಡೆದವು. ದೇವರಾಜ ಅರಸು ಸಂಪುಟದ ಸಚಿವ ಬಿ. ಬಸವಲಿಂಗಪ್ಪ ಸಭೆಯೊಂದರಲ್ಲಿ ಮಾತನಾಡುತ್ತ, ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಎಂದರು. ಲೋಕಜ್ಞಾನಕ್ಕೆ ಇಂಗ್ಲಿಷ್ ಓದಬೇಕೆಂದರು. ಮಾತಾಡಿದವರು ಹರಿಹರದ ಬಡ ದಲಿತ ಕುಟುಂಬದಿಂದ ಬಂದ ವಕೀಲರು, ತಲೆಯ ಮೇಲೆ ಮಲ ಹೊರಿಸುವುದನ್ನು ನಿಷೇಧಿಸಿದ ಸಚಿವರು. ಕೇರಿಯ ಮಕ್ಕಳಿಗೆ ಈ ಸಾಹಿತ್ಯದಿಂದ ಏನು ಬಲ ಸಿಗುತ್ತದೆ, ಅವರ ಬದುಕು ಇದರಲ್ಲಿ ಎಲ್ಲಿದೆ ಎಂಬ ಪ್ರಶ್ನೆ ಆ ಮಾತಿನ ಬೆನ್ನಿಗಿತ್ತು.

ಪತ್ರಿಕೆಗಳಲ್ಲಿ ಉಳಿದದ್ದು ಒಂದೇ ಪದ. ಕಣದಲ್ಲಿ ತೂರುವಾಗ ಹೊಟ್ಟು ಹಾರಿಹೋಗಿ ಕಾಳು ಕೆಳಗೆ ಬೀಳಬೇಕು. ಇಲ್ಲಿ ಕಾಳು ಹಾರಿ ಹೋಗಿ ಬೂಸಾ ಮಾತ್ರ ತಲೆಬರಹಕ್ಕೆ ಬಂತು. ಸಚಿವರು ಕನ್ನಡವನ್ನು ಹೀಗಳೆದರು ಎಂಬ ಸುದ್ದಿ ಊರೂರಿಗೆ ಹಬ್ಬಿತು. ಕಾಲೇಜುಗಳು ಬೀದಿಗಿಳಿದವು, ಪ್ರತಿಕೃತಿಗಳು ಉರಿದವು, ಹಾಸ್ಟೆಲುಗಳಲ್ಲಿದ್ದ ದಲಿತ ವಿದ್ಯಾರ್ಥಿಗಳು ಏಟು ತಿಂದರು. ಕನ್ನಡದ ಮಾನ ಕಾಯಲು ಹೊರಟವರಿಗೆ ಏಟು ತಿಂದ ಹುಡುಗರೂ ಕನ್ನಡಿಗರೇ ಎಂಬುದು ನೆನಪಾಗಲಿಲ್ಲ. ಬಸವಲಿಂಗಪ್ಪನವರ ಮಾತಿನಲ್ಲಿ ಸತ್ಯವಿದೆ ಎಂದ ದೊಡ್ಡ ದನಿ ಕುವೆಂಪು ಅವರದು. ಅಷ್ಟಾದರೂ ಸಚಿವರು ರಾಜೀನಾಮೆ ಕೊಡಬೇಕಾಯಿತು.

ಇದೇ ಮಾತನ್ನು ಬೇರೆ ಜಾತಿಯ ವಿಮರ್ಶಕರೊಬ್ಬರು ಆಡಿದ್ದರೆ? ಹಳೆಯ ಸಾಹಿತ್ಯವನ್ನು ಕಟುವಾಗಿ ತಳ್ಳಿಹಾಕಿದ ನವ್ಯದವರು ಆಗ ಬೇಕಾದಷ್ಟಿದ್ದರು. ಅವರ ಮಾತು ಪುರವಣಿಗಳಲ್ಲಿ ಚರ್ಚೆಯಾಗುತ್ತಿತ್ತು. ಯಾರ ಪ್ರತಿಕೃತಿಯೂ ಉರಿಯುತ್ತಿರಲಿಲ್ಲ. ತೂಗಿದ್ದು ಪದದ ಭಾರವನ್ನಲ್ಲ, ಆಡಿದವರ ಜಾತಿಯನ್ನು. ಪತ್ರಿಕೆಯೊಳಗಿನ ಜಾತಿ ಬಹುಮಟ್ಟಿಗೆ ಕೆಲಸ ಮಾಡುವುದು ಹೀಗೆಯೇ. ಅದಕ್ಕೆ ಬೈಗುಳ ಬರೆಯುವ ಅಗತ್ಯವಿಲ್ಲ. ಯಾವ ಮಾತನ್ನು ಎತ್ತಬೇಕು, ಯಾವುದನ್ನು ಬಿಡಬೇಕು ಎಂಬ ಆಯ್ಕೆ ಸಾಕು.

ಈ ಆಯ್ಕೆಯ ರುಚಿ ಅಂಬೇಡ್ಕರರಿಗೆ ಮೊದಲೇ ಗೊತ್ತಿತ್ತು. 1920ರ ಜನವರಿ 31ರಂದು ಅವರು ‘ಮೂಕನಾಯಕ’ ಪತ್ರಿಕೆ ಹೊರತಂದಾಗ, ಅದರ ಜಾಹೀರಾತನ್ನು ದುಡ್ಡು ಕೊಡುತ್ತೇವೆಂದರೂ ‘ಕೇಸರಿ’ ಪತ್ರಿಕೆ ಹಾಕಲಿಲ್ಲ. ಅವರು ಸುಮ್ಮನಾಗಲಿಲ್ಲ. 1927ರಲ್ಲಿ ‘ಬಹಿಷ್ಕೃತ ಭಾರತ’, 1930ರಲ್ಲಿ ‘ಜನತಾ’, 1956ರಲ್ಲಿ ‘ಪ್ರಬುದ್ಧ ಭಾರತ’ ಬಂದವು. ಒಂದು ನಿಂತರೆ ಇನ್ನೊಂದು. ಸಂವಿಧಾನ ಬರೆದವರು ಎಂದು ನಾವು ನೆನೆಯುವ ಮನುಷ್ಯ ಬದುಕಿನುದ್ದಕ್ಕೂ ಪತ್ರಿಕೆ ಕಟ್ಟಿದವರೂ ಆಗಿದ್ದರು.

ಅಮೆರಿಕದ ಕಪ್ಪು ಜನರ ನಾಯಕರು ಇನ್ನೊಂದು ದಾರಿಯನ್ನೂ ಹಿಡಿದರು. ಮಿಸಿಸಿಪ್ಪಿಯ ಜಾಕ್ಸನ್ ನಗರದ ಡಬ್ಲ್ಯೂಎಲ್‌ಬಿಟಿ ಟಿವಿ ಕೇಂದ್ರ, 1955ರಲ್ಲಿ ವಕೀಲ ಥರ್ಗುಡ್ ಮಾರ್ಷಲ್ ಪರದೆಗೆ ಬಂದೊಡನೆ ‘ಕ್ಷಮಿಸಿ, ಕೇಬಲ್ ತೊಂದರೆ’ ಎಂಬ ಫಲಕ ಹಾಕಿತ್ತು. ಕಪ್ಪು ಜನರ ಹಕ್ಕುಗಳ ಹೋರಾಟಗಾರ ಮೆಡ್ಗರ್ ಎವರ್ಸ್ ಅಂಥ ಕೇಂದ್ರಗಳ ವಿರುದ್ಧ ದೂರು ಬರೆದು ಬರೆದು, ಕೊನೆಗೆ 1963ರ ಮೇ ತಿಂಗಳಲ್ಲಿ ಅಲ್ಲೇ ಮಾತಾಡುವ ಅವಕಾಶ ಪಡೆದರು. ಜೂನ್‌ನಲ್ಲಿ ಅವರ ಮನೆಯೆದುರೇ ಗುಂಡಿಟ್ಟು ಕೊಂದರು. ದೂರು ಮಾತ್ರ ಸಾಯಲಿಲ್ಲ. ಚರ್ಚಿನ ಸಂಘಟನೆಯೊಂದು ಅದನ್ನು ಕೋರ್ಟಿಗೆ ಒಯ್ದಿತು, 1969ರಲ್ಲಿ ಕೇಂದ್ರ ತನ್ನ ಲೈಸೆನ್ಸನ್ನೇ ಕಳೆದುಕೊಂಡಿತು. ನೋಡುವವರಿಗೂ ಹಕ್ಕಿದೆ ಎಂದು ನ್ಯಾಯಾಲಯ 1966ರಲ್ಲೇ ಒಪ್ಪಿತ್ತು.

ನಮ್ಮಲ್ಲಿ ಕೋರ್ಟಿಗೆ ಹೋಗುವಷ್ಟು ಪುರಸೊತ್ತಿರಲಿಲ್ಲ. ಬೂಸಾ ಗಲಾಟೆಯಲ್ಲಿ ಏಟು ತಿಂದವರು, ಅವರ ಪರ ನಿಂತವರು ಒಬ್ಬರನ್ನೊಬ್ಬರು ಗುರುತಿಸಿಕೊಂಡರು. ಭದ್ರಾವತಿಯಲ್ಲಿ ಬಿ. ಕೃಷ್ಣಪ್ಪ, ಮೈಸೂರಲ್ಲಿ ದೇವನೂರ ಮಹಾದೇವ, ಬೆಂಗಳೂರಲ್ಲಿ ಸಿದ್ಧಲಿಂಗಯ್ಯ ಇವರೆಲ್ಲ ಕೂಡಿದ ದಲಿತ ಸಂಘರ್ಷ ಸಮಿತಿ ಕೆಲವೇ ವರ್ಷಗಳಲ್ಲಿ ಹಳ್ಳಿಹಳ್ಳಿಗೆ ಹೋಯಿತು. ಸಮಿತಿಯ ಜೊತೆಜೊತೆಗೆ ಬಂದದ್ದು ‘ಪಂಚಮ’ ಪತ್ರಿಕೆ. ಬೇರೆಯವರ ಪತ್ರಿಕೆ ನಮ್ಮ ಭಾಷಣದಿಂದ ಒಂದು ಪದ ಕಿತ್ತು ತಲೆಬರಹ ಮಾಡಬಲ್ಲದು ಎಂಬ ಪಾಠ ಕಲಿತವರು ಮಾಡಲೇಬೇಕಿದ್ದ ಕೆಲಸ ಅದು. 1975ರಲ್ಲಿ ಸಿದ್ಧಲಿಂಗಯ್ಯ ತಮ್ಮ ಮೊದಲ ಸಂಕಲನಕ್ಕೆ ‘ಹೊಲೆಮಾದಿಗರ ಹಾಡು’ ಎಂದು ಹೆಸರಿಟ್ಟರು. ಬಸವಲಿಂಗಪ್ಪನವರು ಇಲ್ಲವೆಂದದ್ದನ್ನು ಬರೆಯುವವರು ಬಂದಿದ್ದರು.

ಕಲಬುರಗಿಗೆ ಈ ಕತೆ ಮೈಸೂರಿನಿಂದ ಬಂದದ್ದು ಎಂದುಕೊಂಡರೆ ತಪ್ಪಾಗುತ್ತದೆ. ಅದಕ್ಕೂ ಐದು ವರ್ಷ ಮೊದಲು, 1968ರಲ್ಲಿ, ಬಿ. ಶ್ಯಾಮಸುಂದರ್ ಭೀಮಸೇನೆ ಎಂಬ ದಲಿತ ಸಂಘಟನೆಯನ್ನು ಕಟ್ಟಿದ್ದು ಇದೇ ಊರಿನಲ್ಲಿ. ಹೈದರಾಬಾದ್ ಸಂಸ್ಥಾನದ ರಾಜಕಾರಣದಲ್ಲಿ ಪಳಗಿದ, ಉರ್ದು, ಇಂಗ್ಲಿಷ್‌ಗಳಲ್ಲಿ ನಿರರ್ಗಳವಾಗಿ ಮಾತಾಡುತ್ತಿದ್ದ ಆ ನಾಯಕನ ಹೆಸರು ಬೆಂಗಳೂರಿನ ದಲಿತ ಚರಿತ್ರೆಯ ಮಾತುಗಳಲ್ಲಿ ಅಪರೂಪ. ಎತ್ತುವ, ಬಿಡುವ ಆಯ್ಕೆಗೆ ಜಾತಿಯ ಜೊತೆ ಭೂಪಟವೂ ಇದೆ.

ಐವತ್ತು ವರ್ಷ ದಾಟಿದ ಮೇಲೆ ಪದಗಳು ನಯವಾಗಿವೆ. ಕೇರಿಗೆ ನುಗ್ಗಿ ಹೊಡೆದರೆ ಸುದ್ದಿ ‘ಎರಡು ಗುಂಪುಗಳ ಘರ್ಷಣೆ’ ಆಗುತ್ತದೆ. ಹೊಡೆಸಿಕೊಂಡವರ ಜಾತಿ ಅಚ್ಚಾಗುತ್ತದೆ, ಹೊಡೆದವರು ‘ಕೆಲವರು’ ಆಗಿ ಉಳಿಯುತ್ತಾರೆ. ದೇವಸ್ಥಾನದ ಬಾಗಿಲು ಮುಚ್ಚಿದರೆ ‘ಗ್ರಾಮದಲ್ಲಿ ಬಿಗುವಿನ ವಾತಾವರಣ’, ಯಾರು ಬಿಗಿದರು ಎಂಬುದಿಲ್ಲ. ಇದನ್ನು ಬರೆಯುವ ಮೇಜಿನ ಸುತ್ತ ಯಾರಿದ್ದಾರೆ ಎಂದು 1996ರಲ್ಲಿ ದಿಲ್ಲಿಯ ಪತ್ರಕರ್ತ ಬಿ. ಎನ್. ಉನಿಯಾಲ್ ಹುಡುಕಿದ್ದರು, ರಾಜಧಾನಿಯ ಮಾನ್ಯತೆ ಪಡೆದ ಪತ್ರಕರ್ತರಲ್ಲಿ ಅವರಿಗೆ ಒಬ್ಬ ದಲಿತರೂ ಸಿಗಲಿಲ್ಲ.

ಬೂಸಾ ಈಗ ಪಠ್ಯ ಸೇರಿದೆ. ಬಂಡಾಯ, ದಲಿತ ಸಾಹಿತ್ಯದ ಪ್ರಶ್ನೆಪತ್ರಿಕೆಯಲ್ಲಿ ‘ಬೂಸಾ ಪ್ರಕರಣ’ದ ಮೇಲೆ ಟಿಪ್ಪಣಿ ಬರೆಯಿರಿ ಎಂದರೆ ವಿದ್ಯಾರ್ಥಿಗಳು ಊರು, ಇಸವಿ, ರಾಜೀನಾಮೆ ಬರೆದು ಅಂಕ ಪಡೆಯುತ್ತಾರೆ. ಬೈಗುಳವಾಗಿದ್ದ ಪದ ಚಳವಳಿಯೊಂದರ ಹುಟ್ಟುಹೆಸರಾದದ್ದು ಸಣ್ಣ ಗೆಲುವೇನಲ್ಲ. ಆದರೆ ಈ ಪ್ರಶ್ನೆಯನ್ನು ಕನ್ನಡ ವಿಭಾಗಕ್ಕೇ ಬಿಟ್ಟರೆ ಅರ್ಧ ಪಾಠ. ಗುಲಬರ್ಗಾ ವಿಶ್ವವಿದ್ಯಾಲಯದ ಪತ್ರಿಕೋದ್ಯಮ ವಿಭಾಗದಲ್ಲೂ ಕೇಳಬೇಕು: ‘1973ರ ಆ ರಾತ್ರಿ ನೀವು ಸುದ್ದಿಮೇಜಿನಲ್ಲಿದ್ದಿರಿ. ಸಚಿವರ ಭಾಷಣ ಪೂರ್ತಿ ನಿಮ್ಮ ಕೈಲಿದೆ. ತಲೆಬರಹ ಬರೆಯಿರಿ, ಯಾಕೆ ಹಾಗೆ ಬರೆದಿರೆಂದೂ ಹೇಳಿ.’ ಉತ್ತರ ಬರೆಯುವವರಲ್ಲಿ ಕಮಲಾಪುರದ ಕೇರಿಯ ಹುಡುಗಿಯೊಬ್ಬಳಿದ್ದು, ನಾಳೆ ಅವಳಿಗೆ ಅಂಥ ಮೇಜಿನಲ್ಲಿ ನಿಜವಾಗಿ ಕುರ್ಚಿ ಸಿಕ್ಕರೆ, ಬಸವಲಿಂಗಪ್ಪನವರ ಪ್ರಶ್ನೆಗೆ ಪತ್ರಿಕೆಗಳು ಉತ್ತರ ಕೊಡಲು ಶುರುಮಾಡಿದವು ಎನ್ನಬಹುದು.