ಹಾರ್ಲೆಮ್‌ನಲ್ಲಿ ಇಬ್ಬರು ಮೆಕ್ಸಿಕನ್ ಚಿತ್ರಕಾರರು

ಜಾಜ್ ಸಂಗೀತದ ಚರಿತ್ರೆಯನ್ನು ಹೇಳುವವರು ಕಹಳೆ ಊದಿದವರನ್ನೂ ಪಿಯಾನೋ ನುಡಿಸಿದವರನ್ನೂ ನೆನೆಯುತ್ತಾರೆ. ಆ ನಾದವನ್ನು ಕಣ್ಣಿಗೆ ಕಾಣಿಸಿದವರನ್ನು ಮರೆಯುತ್ತಾರೆ. ಅಂಥವರ ಮೊದಲ ಸಾಲಿನಲ್ಲಿ ನಿಲ್ಲುವವನು ಪರದೇಶಿಯೊಬ್ಬ ಎಂಬುದು ನನಗೆ ಬಹುಕಾಲದಿಂದ ಕುತೂಹಲದ ಸಂಗತಿ.

ಮೆಕ್ಸಿಕೋ ನಗರದಲ್ಲಿ ೧೯೦೪ರಲ್ಲಿ ಹುಟ್ಟಿದ ಮಿಗೆಲ್ ಕೊವರ್ರುಬಿಯಾಸ್, ಇಪ್ಪತ್ತು ತುಂಬುವ ಮೊದಲೇ, ೧೯೨೩ರಲ್ಲಿ, ನ್ಯೂಯಾರ್ಕಿಗೆ ಬಂದ. ವ್ಯಂಗ್ಯಚಿತ್ರಕಾರನಾಗಿ 'ವ್ಯಾನಿಟಿ ಫೇರ್' ಪತ್ರಿಕೆಯಲ್ಲಿ ಬೇಗನೆ ಹೆಸರಾದ. ಹಗಲು ಪತ್ರಿಕೆಯ ಕೆಲಸ; ರಾತ್ರಿ ಹಾರ್ಲೆಮ್. ದಕ್ಷಿಣದ ಹತ್ತಿಹೊಲಗಳನ್ನೂ ಅಲ್ಲಿಯ ಹಿಂಸೆಯನ್ನೂ ಬಿಟ್ಟು ಬಂದ ಕರಿಯರು ನೆಲೆಸಿದ್ದ ಆ ಬಡಾವಣೆಯ ಕುಣಿತದ ಮನೆಗಳಲ್ಲಿ ಕುಳಿತು ಅವನು ಗೀಚುತ್ತಿದ್ದ. ಗಾಯಕಿ ಕುತ್ತಿಗೆಯನ್ನು ಹಿಂದಕ್ಕೆ ಚೆಲ್ಲುತ್ತಾಳೆ, ನರ್ತಕನ ಮೊಣಕಾಲು ಇರಬೇಕಾದ ಕಡೆ ಇಲ್ಲ. ಪೆಟ್ಟು ಬೀಳಬೇಕಾದಲ್ಲಿ ಬೀಳದೆ ತುಸು ಮುಂಚೆಯೋ ತುಸು ತಡವಾಗಿಯೋ ಬೀಳುವುದು ಜಾಜ್‌ನ ಜೀವ. ನಮ್ಮ ಸಂಗೀತಗಾರರು ಅನಾಗತ, ಅತೀತ ಎನ್ನುವುದನ್ನು ಬಲ್ಲವರಿಗೆ ಇದರ ಸೊಗಸು ತಿಳಿಯುವುದು ಕಷ್ಟವಲ್ಲ. ಕೊವರ್ರುಬಿಯಾಸನ ರೇಖೆಯೂ ಹಾಗೆಯೇ. ಸಮತೋಲ ತಪ್ಪಿತೆನ್ನುವ ಕ್ಷಣದಲ್ಲಿ ಅದು ತಿರುಗಿ ನಿಲ್ಲುತ್ತದೆ.

ಡಬ್ಲ್ಯೂ. ಸಿ. ಹ್ಯಾಂಡಿಯ ಬ್ಲೂಸ್ ಸಂಕಲನಕ್ಕೆ ಚಿತ್ರಗಳನ್ನೂ ಲ್ಯಾಂಗ್‌ಸ್ಟನ್ ಹ್ಯೂಸ್ ಕವಿಯ ಮೊದಲ ಪುಸ್ತಕಕ್ಕೆ ಹೊದಿಕೆಯನ್ನೂ ಅವನು ಬರೆದುಕೊಟ್ಟ. ಎರಡೂ ಹೊರಬಂದದ್ದು ೧೯೨೬ರಲ್ಲಿ. ಅದಕ್ಕೂ ಒಂದು ವರ್ಷ ಮೊದಲು ಜೋಸೆಫೀನ್ ಬೇಕರ್ ಪ್ಯಾರಿಸ್ಸನ್ನು ಬೆರಗುಗೊಳಿಸಿದ ಪ್ರದರ್ಶನದ ರಂಗಸಜ್ಜಿಕೆಯೂ ಅವನದೇ. ೧೯೨೭ರಲ್ಲಿ ಹಾರ್ಲೆಮ್ ಚಿತ್ರಗಳೆಲ್ಲ ಗ್ರಂಥವಾಗಿ ಬಂದುವು.

ಆದರೆ ಉಬ್ಬಿದ ತುಟಿ, ಹೊರಳುವ ಕಣ್ಣು, ನೀಳವಾದ ಕೈ! ಇದು ಅಕ್ಕರೆಯೋ ಅಣಕವೋ? ಹಾರ್ಲೆಮ್‌ನ ಹಿರಿಯರಲ್ಲೇ ಒಮ್ಮತವಿರಲಿಲ್ಲ. ಅಲೇನ್ ಲಾಕ್ ತನ್ನ ೧೯೨೫ರ ಪ್ರಸಿದ್ಧ ಸಂಕಲನದಲ್ಲಿ ಈ ಚಿತ್ರಗಳಿಗೆ ಎಡೆಗೊಟ್ಟ. ಡು ಬಾಯ್ಸ್ ತನಗೆ ಇವು ಹಿಡಿಸವೆಂಬುದನ್ನು ಮುಚ್ಚಿಡಲಿಲ್ಲ. ಡು ಬಾಯ್ಸನ ಅಸಮಾಧಾನವನ್ನು ಮಡಿವಂತಿಕೆಯೆಂದು ತಳ್ಳಿಹಾಕಲು ನಾನು ಸಿದ್ಧನಿಲ್ಲ. ಆ ಕಾಲದ ಕಾಟನ್ ಕ್ಲಬ್ಬನ್ನು ನೆನೆಯಿರಿ: ಕುಣಿಯುವವರು, ನುಡಿಸುವವರು ಕರಿಯರು, ಮೇಜುಗಳ ಸುತ್ತ ಕುಳಿತವರು ಬಿಳಿಯರು. ಕರಿಯರು ಪ್ರೇಕ್ಷಕರಾಗಿ ಆ ಬಾಗಿಲನ್ನು ದಾಟುವಂತಿರಲಿಲ್ಲ. ಡ್ಯೂಕ್ ಎಲಿಂಗ್‌ಟನ್ ೧೯೨೭ರ ಡಿಸೆಂಬರಿನಲ್ಲಿ ವಾದ್ಯವೃಂದದೊಡನೆ ಸೇರಿದ್ದು ಇಂಥ ಸ್ಥಳವನ್ನು. ಹಾಸ್ಯದ ರೇಖೆ ಯಾವ ಮೇಜಿನಿಂದ ಎಳೆದದ್ದು ಎಂಬ ಪ್ರಶ್ನೆ ಅಲ್ಲಿ ಸಣ್ಣದಲ್ಲ. ಹಾಗಿದ್ದೂ ಕೊವರ್ರುಬಿಯಾಸನ ಉತ್ತಮ ಚಿತ್ರಗಳಲ್ಲಿ ಹಾಡುವವಳು ಯಾರನ್ನೂ ನಗಿಸಲು ಹಾಡುತ್ತಿಲ್ಲ, ತನ್ನಲ್ಲೇ ಮುಳುಗಿದ್ದಾಳೆ. ಅದು ನನ್ನ ಮನಸ್ಸನ್ನು ಅವನ ಪಕ್ಷಕ್ಕೆ ಎಳೆಯುತ್ತದೆ.

ಅದೇ ೧೯೨೭ರ ಡಿಸೆಂಬರಿನಲ್ಲಿ ಇನ್ನೊಬ್ಬ ಮೆಕ್ಸಿಕನ್ ನ್ಯೂಯಾರ್ಕಿಗೆ ಬಂದಿಳಿದ. ಆತ ಹೋಸೆ ಕ್ಲೆಮೆಂತೆ ಒರೊಸ್ಕೊ, ನಲವತ್ತನಾಲ್ಕರ ವಯಸ್ಸಿನವನು. ಸಿಡಿಮದ್ದಿನ ಅಪಘಾತದಲ್ಲಿ ಎಳೆಯ ವಯಸ್ಸಿನಲ್ಲೇ ಎಡಗೈ ಕಳೆದುಕೊಂಡವನು, ಕ್ರಾಂತಿಯ ರಕ್ತವನ್ನು ಕಣ್ಣಾರೆ ಕಂಡವನು. ಕಂಡದ್ದನ್ನು ಕಂಡ ಹಾಗೆ ಬರೆಯದೆ, ಒಳಗಿನ ಸಂಕಟಕ್ಕೆ ತಕ್ಕಂತೆ ರೂಪವನ್ನು ಹಿಂಡಿ ತಿರುಚುವ ಅಭಿವ್ಯಕ್ತಿವಾದ ಮೆಕ್ಸಿಕೋದಲ್ಲಿ ಅವನಷ್ಟು ಯಾರಿಗೂ ಒಗ್ಗಲಿಲ್ಲ. ಹಾರ್ಲೆಮ್‌ನ ರಂಗಮಂದಿರವೊಂದನ್ನು ಅವನೂ ೧೯೨೮ರಲ್ಲಿ ಶಿಲಾಮುದ್ರಣವಾಗಿ ಬರೆದ. ಜಾಜ್ ಅವನನ್ನು ಒಲಿಸಿಕೊಂಡಿತೆಂದು ಹೇಳಲಾರೆ. ಅವನ ಗಮನ ಬೇರೆಡೆಗಿತ್ತು. ೧೯೩೦ರ ದಶಕದಲ್ಲಿ, ಗುಂಪುಕಟ್ಟಿ ಕರಿಯರನ್ನು ಕೊಲ್ಲುತ್ತಿದ್ದ ಕ್ರೌರ್ಯವನ್ನು ಕುರಿತು ಅವನು ಮಾಡಿದ ಶಿಲಾಮುದ್ರಣದಲ್ಲಿ ನೇತಾಡುವ ದೇಹಗಳಿವೆ, ಕೆಳಗೆ ಬೆಂಕಿಯಿದೆ. ತಿರುಚಿದ ಅಂಗಗಳು ಇಲ್ಲಿಯೂ ಉಂಟು. ಕೊವರ್ರುಬಿಯಾಸನಲ್ಲಿ ಕುಣಿತದಿಂದ ಬಾಗಿದ್ದ ಬೆನ್ನು ಇಲ್ಲಿ ಹಗ್ಗದಿಂದ ಬಾಗಿದೆ.

ಒರೊಸ್ಕೊ ೧೯೩೪ರಲ್ಲಿ ತಾಯ್ನಾಡಿಗೆ ಮರಳಿ, ೧೯೪೯ರಲ್ಲಿ ತೀರಿಕೊಳ್ಳುವವರೆಗೂ ಗೋಡೆಗಳ ಮೇಲೆ ಬರೆಯುತ್ತಲೇ ಇದ್ದ. ಕೊವರ್ರುಬಿಯಾಸನೋ ೧೯೩೦ರಲ್ಲಿ ನರ್ತಕಿ ರೋಸಾ ರೊಲಾಂದಾಳನ್ನು ಮದುವೆಯಾಗಿ ಬಾಲಿ ದ್ವೀಪಕ್ಕೆ ಹೊರಟ. ಅಲ್ಲಿಯ ನೃತ್ಯ, ಗಮೆಲಾನ್ ವಾದನ, ಜನಜೀವನಗಳನ್ನು ಕುರಿತು ಅವನು ೧೯೩೭ರಲ್ಲಿ ಪ್ರಕಟಿಸಿದ ಪುಸ್ತಕವನ್ನು ಓದುವವರು ಇಂದಿಗೂ ಇದ್ದಾರೆ.