ಮಹಡಿಯ ಮೇಲಿನ ಸ್ವಂತ ಮನೆ

ನಮ್ಮ ಹಳೆಯ ಕ್ರಯಪತ್ರಗಳಲ್ಲಿ ಸಾಮಾನ್ಯವಾಗಿ ಎರಡು ಸಂಗತಿಗಳು ಕಂಡುಬರುತ್ತವೆ. ಮೊದಲನೆಯದು ಚಕ್ಕುಬಂದಿ: ಪೂರ್ವಕ್ಕೆ ಇಂಥವರ ಹಿತ್ತಿಲು, ಪಶ್ಚಿಮಕ್ಕೆ ರಸ್ತೆ, ಉತ್ತರಕ್ಕೆ ದೇವಸ್ಥಾನದ ಜಮೀನು, ದಕ್ಷಿಣಕ್ಕೆ ಓಣಿ. ಎರಡನೆಯದು ಹಕ್ಕುಗಳ ಪಟ್ಟಿ. ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷೀಣಿ, ಆಗಾಮಿ, ಸಿದ್ಧ, ಸಾಧ್ಯ ಎಂಬ ಅಷ್ಟಭೋಗಗಳೊಡನೆ ಭೂಮಿಯನ್ನು ಕೊಟ್ಟೆವೆಂದು ಬರೆಯುವುದು ಶಾಸನಗಳ ಕಾಲದಿಂದಲೂ ಬಂದ ರೂಢಿ. ಹೂತಿಟ್ಟ ಹೊನ್ನು, ಬಾವಿಯ ನೀರು, ಅಗೆದರೆ ಸಿಕ್ಕುವ ಕಲ್ಲು, ಮುಂದೆ ಬರಬಹುದಾದ ಲಾಭ, ಎಲ್ಲವೂ ನೆಲಕ್ಕೆ ಅಂಟಿಕೊಂಡ ಭೋಗಗಳೇ. ಗೋಡೆ ಬೀಳಬಹುದು, ಸೂರು ಸೋರಬಹುದು. ನೆಲ ಮಾತ್ರ ಉಳಿಯುತ್ತದೆ. ಆದ್ದರಿಂದ ಮನೆಯನ್ನು ಕೊಳ್ಳುವುದೆಂದರೆ ನೆಲವನ್ನು ಕೊಳ್ಳುವುದು ಎಂದೇ ನಮ್ಮ ಹಿರಿಯರು ತಿಳಿದಿದ್ದರು.

ಹೀಗಿರುವಾಗ ನಗರದ ನಟ್ಟನಡುವೆ, ಹದಿನೆಂಟನೆಯ ಮಹಡಿಯಲ್ಲಿ ಮನೆಯೊಂದನ್ನು ಕೊಂಡವನು ನಿಜವಾಗಿ ಕೊಂಡದ್ದೇನನ್ನು? ಅವನು ನಡೆದಾಡುವ ನೆಲ ಕೆಳಗಿನವರ ಸೂರು. ಅವನ ಸೂರು ಮೇಲಿನವರ ನೆಲ. ಪಕ್ಕದ ಗೋಡೆಯಲ್ಲಿ ನೆರೆಯವರಿಗೂ ಪಾಲುಂಟು. ಮೆಟ್ಟಿಲು, ಲಿಫ್ಟು, ನೀರಿನ ತೊಟ್ಟಿ, ಮೇಲಿನ ತಾರಸಿ ಇವೆಲ್ಲ ಎಲ್ಲರವು. ಅವನ ಚಕ್ಕುಬಂದಿಗೆ ನಾಲ್ಕು ದಿಕ್ಕುಗಳು ಸಾಲವು, ಆರು ಬೇಕು. ಜೀವಮಾನದ ಉಳಿತಾಯವನ್ನೆಲ್ಲ ಸುರಿದು ಕೊಂಡ ವಸ್ತುವಿನ ಗುರುತನ್ನು ಹೇಳುವುದೇ ಇಷ್ಟು ಕಷ್ಟವಾದರೆ, ಅದರ ಒಡೆತನವನ್ನು ಕಾಯುವುದು ಹೇಗೆ? ಈ ಪ್ರಶ್ನೆಗೆ ಉತ್ತರ ಹುಡುಕಿದ ಕಥೆ ನಮ್ಮ ದೇಶದ ಮಟ್ಟಿಗೆ ಬಹುಪಾಲು ಮುಂಬಯಿಯ ಕಥೆ.

ಪ್ರಶ್ನೆಯೇನೋ ಹಳೆಯದೇ. ನೆಲದ ಮೇಲೆ ಕಟ್ಟಿದ್ದು ನೆಲದೊಡೆಯನಿಗೇ ಸೇರತಕ್ಕದ್ದೆಂಬುದು ರೋಮನ್ ನ್ಯಾಯಶಾಸ್ತ್ರದ ಸೂತ್ರ. ಆದರೂ ಜನರ ಅವಶ್ಯಕತೆ ಸೂತ್ರವನ್ನು ಕೇಳಿ ನಡೆಯುವುದಿಲ್ಲವಷ್ಟೆ. ಸ್ಕಾಟ್ಲೆಂಡಿನ ಎಡಿನ್‌ಬರೋ ನಗರದ ಇಕ್ಕಟ್ಟಾದ ಹಳೆಯ ಪೇಟೆಯಲ್ಲಿ ಒಂದೇ ಕಟ್ಟಡದ ಬೇರೆ ಬೇರೆ ಅಂತಸ್ತುಗಳಿಗೆ ಬೇರೆ ಬೇರೆ ಒಡೆಯರಿದ್ದರು. ಫ್ರಾನ್ಸಿನ ರೆನ್ ನಗರ ೧೭೨೦ರಲ್ಲಿ ಬೆಂಕಿಗೆ ತುತ್ತಾಯಿತು. ಮತ್ತೆ ಕಟ್ಟುವಾಗ ಒಬ್ಬೊಬ್ಬರ ಕೈಯಲ್ಲೂ ಸಾಕಷ್ಟು ಹಣವಿಲ್ಲದೆ, ಹಲವರು ಕೂಡಿ ಒಂದು ಕಟ್ಟಡವನ್ನೆಬ್ಬಿಸಿ ಅಂತಸ್ತುಗಳನ್ನು ಹಂಚಿಕೊಂಡರು. ನೆಪೋಲಿಯನ್ನನ ೧೮೦೪ರ ಸಂಹಿತೆಯಲ್ಲಿ ಇಂಥ ಮನೆಗಳಿಗಾಗಿಯೇ ಒಂದು ವಿಧಿ ಸೇರಿತು. ಯಾವ ದುರಸ್ತಿಯ ಖರ್ಚು ಯಾರದು, ಮೆಟ್ಟಿಲನ್ನು ಯಾವ ಅಂತಸ್ತಿನವರು ಎಲ್ಲಿಂದ ಎಲ್ಲಿಯವರೆಗೆ ನೋಡಿಕೊಳ್ಳಬೇಕು ಎಂಬುದನ್ನು ಅದು ಹೇಳಿತು. ಕಾನೂನು ಮೊದಲು ಕೈಯಿಟ್ಟದ್ದು ಮೆಟ್ಟಿಲಿನ ಜಗಳಕ್ಕೆ ಎಂಬುದನ್ನು ಗಮನಿಸಬೇಕು.

ಇನ್ನು ಮುಂಬಯಿಗೆ ಬರೋಣ. ಮೂರು ಕಡೆ ಸಮುದ್ರವಿರುವ ಆ ನಗರದಲ್ಲಿ ಗಿರಣಿಗಳು ಬೆಳೆದಂತೆ ಜನ ಬೆಳೆದರು, ನೆಲ ಬೆಳೆಯಲಿಲ್ಲ. ೧೮೯೬ರ ಪ್ಲೇಗು ಇಕ್ಕಟ್ಟಿನ ಓಣಿಗಳ ಬಾಳು ಎಂಥದೆಂಬುದನ್ನು ಸರ್ಕಾರಕ್ಕೆ ತೋರಿಸಿಕೊಟ್ಟಿತು. ಎರಡು ವರ್ಷಗಳ ತರುವಾಯ, ೧೮೯೮ರಲ್ಲಿ, ನಗರ ಸುಧಾರಣಾ ಟ್ರಸ್ಟು ಹುಟ್ಟಿತು. ಆದರೂ ದುಡಿಯುವವನ ಪಾಲಿಗೆ ಒದಗಿದ್ದು ಚಾಳಿನ ಒಂದು ಕೋಣೆ, ಉದ್ದನೆಯ ಒಂದು ಮೊಗಸಾಲೆ, ಕೊನೆಯಲ್ಲಿ ಎಲ್ಲರಿಗೂ ಸೇರಿದ ನಲ್ಲಿ. ಅದೂ ಬಾಡಿಗೆಗೆ. ಆ ನಗರದಲ್ಲಿ ಮನೆ ಕಟ್ಟಿಸುವುದು ಸಾಹುಕಾರರ ಕೆಲಸ, ಬಾಡಿಗೆ ಕೊಡುವುದು ಉಳಿದವರ ಕೆಲಸ ಎಂಬಂತಿತ್ತು.

ಈ ಸ್ಥಿತಿಗೆ ಬೇರೊಂದು ದಾರಿಯನ್ನು ತೋರಿದವರಲ್ಲಿ ನಮ್ಮ ಕರಾವಳಿಯವರೇ ಮುಂದಾದರೆಂಬುದು ಸಂತೋಷದ ಮಾತು. ಉತ್ತರ ಕನ್ನಡ ಜಿಲ್ಲೆಯನ್ನು ೧೮೬೨ರಲ್ಲಿ ಮುಂಬಯಿ ಪ್ರಾಂತಕ್ಕೆ ಸೇರಿಸಿದ ಮೇಲೆ ಅಲ್ಲಿಯ ವಿದ್ಯಾವಂತರು ಉದ್ಯೋಗಕ್ಕಾಗಿ ಆ ನಗರದತ್ತ ಹೊರಟರು. ಶಿರಾಲಿಯ ಚಿತ್ರಾಪುರ ಮಠದ ಅನುಯಾಯಿಗಳಾದ ಸಾರಸ್ವತರು ಅವರಲ್ಲಿ ಅನೇಕರಿದ್ದರು. ಕಚೇರಿಯ ಸಂಬಳ ಬಾಡಿಗೆಗೆ ಸಾಕು, ಮನೆ ಕಟ್ಟಲು ಸಾಲದು. ಒಬ್ಬನಿಗಾಗದ್ದು ಹತ್ತು ಮಂದಿಗೆ ಆದೀತೆಂದು ಅವರಿಗೆ ಮನಗಾಣಿಸಿದವರು ಶ್ರೀಪಾದ ಸುಬ್ಬರಾವ ತಲ್ಮಕಿಯವರು. ಅವರ ನೇತೃತ್ವದಲ್ಲಿ ೧೯೧೫ರಲ್ಲಿ ಗಾಂವದೇವಿಯಲ್ಲಿ ಸಾರಸ್ವತ ಸಹಕಾರಿ ಗೃಹನಿರ್ಮಾಣ ಸಂಘ ಸ್ಥಾಪನೆಯಾಯಿತು. ಇದಕ್ಕೂ ಮೊದಲು, ೧೯೦೯ರಲ್ಲಿಯೇ, ಮೈಸೂರು ಸಂಸ್ಥಾನದಲ್ಲಿ ಬೆಂಗಳೂರು ಕಟ್ಟಡ ಸಹಕಾರ ಸಂಘ ಏರ್ಪಟ್ಟಿತ್ತು.

ತಲ್ಮಕಿಯವರ ಸಂಘದ ಮರ್ಮ ಸರಳವಾದದ್ದು. ನೆಲವೂ ಕಟ್ಟಡವೂ ಸಂಘದ ಸ್ವತ್ತು. ಸದಸ್ಯನು ಸಂಘದಲ್ಲಿ ಷೇರು ಕೊಳ್ಳುತ್ತಾನೆ. ಆ ಷೇರಿನ ಬಲದಿಂದ ಒಂದು ಮನೆಯಲ್ಲಿ ವಾಸಿಸುವ ಹಕ್ಕು ಅವನಿಗೆ ಬರುತ್ತದೆ. ಗೋಡೆ ತನ್ನದೆಂದು ಯಾರೂ ಹೇಳುವಂತಿಲ್ಲ, ತನ್ನದಲ್ಲವೆಂದು ಯಾರೂ ಕೈಬಿಡುವಂತೆಯೂ ಇಲ್ಲ. ಆರು ದಿಕ್ಕಿನ ಚಕ್ಕುಬಂದಿಯನ್ನು ಬರೆಯುವ ಕಷ್ಟವೇ ಇಲ್ಲಿಲ್ಲ, ಏಕೆಂದರೆ ಎಲ್ಲ ದಿಕ್ಕಿನಲ್ಲಿಯೂ ಇರುವುದು ಸಂಘವೇ. ಸದಸ್ಯರು ಪರಸ್ಪರ ಪರಿಚಿತರು. ಒಬ್ಬರ ಲೆಕ್ಕವನ್ನು ಇನ್ನೊಬ್ಬರು ನೋಡಬಲ್ಲರು. ಈ ಏರ್ಪಾಡು ನಿಂತದ್ದು ಆ ಪರಿಚಯದ ಮೇಲೆ.

ಮುಂದೆ ಕಬ್ಬಿಣ ಬೆರೆತ ಕಾಂಕ್ರೀಟೂ ಲಿಫ್ಟೂ ಬಂದವು. ಅಮೆರಿಕದ ಓಟಿಸ್ ಎಂಬಾತ ಹಗ್ಗ ತುಂಡಾದರೂ ಬೀಳದ ಲಿಫ್ಟನ್ನು ನ್ಯೂಯಾರ್ಕಿನಲ್ಲಿ ಜನರೆದುರು ಪ್ರದರ್ಶಿಸಿದ್ದು ೧೮೫೪ರಲ್ಲಿ. ಅಲ್ಲಿಯವರೆಗೆ ಮೇಲಿನ ಅಂತಸ್ತೆಂದರೆ ಏದುಸಿರು, ಕಡಿಮೆ ಬಾಡಿಗೆ. ಲಿಫ್ಟು ಈ ಲೆಕ್ಕವನ್ನು ತಲೆಕೆಳಗು ಮಾಡಿತು; ಗಾಳಿ, ಬೆಳಕು, ಸಮುದ್ರದ ನೋಟ ಮೇಲಿನವರ ಸ್ವತ್ತಾದವು. ೧೯೩೦ರ ದಶಕದಿಂದ ಮುಂಬಯಿಯ ಮರೀನ್ ಡ್ರೈವಿನ ಉದ್ದಕ್ಕೂ ಎದ್ದ ಕಟ್ಟಡಗಳು ಈ ಹೊಸ ಬಾಳಿನ ಗುರುತು. ಆದರೆ ಅವುಗಳಲ್ಲಿಯೂ ಹೆಚ್ಚಿನವರು ಬಾಡಿಗೆದಾರರೇ.

೧೯೪೭ ಈ ಚಿತ್ರವನ್ನು ಬದಲಿಸಿತು. ದೇಶ ವಿಭಜನೆಯಾಗಿ ನಿರಾಶ್ರಿತರು ನಗರಕ್ಕೆ ಬಂದರು. ಅದೇ ವರ್ಷದ ಬಾಡಿಗೆ ನಿಯಂತ್ರಣ ಕಾಯಿದೆ ೧೯೪೦ರ ಸೆಪ್ಟೆಂಬರಿನ ಬಾಡಿಗೆಯನ್ನು ಅಳತೆಗೋಲಾಗಿ ಹಿಡಿಯಿತು. ಬಡವರನ್ನು ಕಾಪಾಡಲೆಂದು ಬಂದ ಕಾಯಿದೆ ಅದು, ಹಲವರನ್ನು ಕಾಪಾಡಿಯೂ ಇತು. ಆದರೆ ಬಾಡಿಗೆಗಾಗಿ ಹೊಸ ಮನೆ ಕಟ್ಟುವವರು ಹಿಂದೆಗೆದರು. ಇದ್ದ ಮನೆಗೆ ‘ಪಗಡಿ’ ಎಂಬ ಕೈಗಾಣಿಕೆ ಹುಟ್ಟಿತು. ಹೊಸದಾಗಿ ಕಟ್ಟುವವರು, ಬಾಡಿಗೆಗೆ ಕೊಡುವ ಗೊಡವೆಯೇ ಬೇಡ, ಒಂದೊಂದೇ ಫ್ಲಾಟನ್ನು ಮಾರಿಬಿಡೋಣವೆಂದು ಹೊರಟರು. ಹೀಗೆ ‘ಓನರ್‌ಶಿಪ್ ಫ್ಲಾಟು’ ಎಂಬ ಮಾತು ಮುಂಬಯಿಯ ಮನೆಮಾತಾಯಿತು.

ಇಲ್ಲಿ ಒಂದು ದೊಡ್ಡ ವ್ಯತ್ಯಾಸವನ್ನು ನೋಡಬೇಕು. ತಲ್ಮಕಿಯವರ ಕಾಲದಲ್ಲಿ ಸಂಘ ಮೊದಲು, ಕಟ್ಟಡ ಆಮೇಲೆ. ಈಗ ಕಟ್ಟಡ ಮೊದಲು, ಅದಕ್ಕಿಂತ ಮೊದಲು ಹಣ. ಸಂಘ ಎಲ್ಲಕ್ಕೂ ಕೊನೆಗೆ. ಕೊಳ್ಳುವವರು ಒಬ್ಬರನ್ನೊಬ್ಬರು ಅರಿಯರು. ಎಲ್ಲರೂ ಬಲ್ಲವನು ಬಿಲ್ಡರ್ ಒಬ್ಬನೇ. ನೆಲದ ಹಕ್ಕುಪತ್ರ ಅವನ ಪೆಟ್ಟಿಗೆಯಲ್ಲಿ. ತೋರಿಸಿದ ನಕ್ಷೆ ಒಂದು, ಕಟ್ಟಿದ್ದು ಇನ್ನೊಂದು ಎಂಬ ದೂರುಗಳು ಬೆಳೆದವು. ೧೯೬೦ರಲ್ಲಿ ಮಹಾರಾಷ್ಟ್ರ ಸರ್ಕಾರ ಒಂದು ಸಮಿತಿಯನ್ನು ನೇಮಿಸಿತು. ಮರುವರ್ಷ ಅದರ ವರದಿ ಬಂತು. ಅದೇ ೧೯೬೧ರಲ್ಲಿ ಕಾರ್ಮೈಕಲ್ ರಸ್ತೆಯ ಕಡೆ ‘ಉಷಾಕಿರಣ’ ಎಂಬ ೨೫ ಅಂತಸ್ತಿನ ವಾಸದ ಕಟ್ಟಡ ಎದ್ದುನಿಂತಿತು. ಆಗ ದೇಶದಲ್ಲಿ ಅದಕ್ಕಿಂತ ಎತ್ತರದ ಕಟ್ಟಡವಿರಲಿಲ್ಲ. ೧೯೬೩ರಲ್ಲಿ ಕಾಯಿದೆಯಾಯಿತು. ಮುಂಗಡ ಪಡೆಯುವ ಮೊದಲು ಬರಹದಲ್ಲಿ ಕರಾರಾಗಬೇಕು, ಕೊಳ್ಳುವವರ ಹಣವನ್ನು ಬೇರೆ ಖಾತೆಯಲ್ಲಿಡಬೇಕು, ಅವರ ಒಪ್ಪಿಗೆಯಿಲ್ಲದೆ ನಕ್ಷೆಯನ್ನು ಬದಲಿಸಬಾರದು, ಕೊನೆಗೆ ಸಂಘವನ್ನು ನೋಂದಾಯಿಸಿ ನೆಲದ ಹಕ್ಕನ್ನು ಅದರ ಹೆಸರಿಗೆ ಬರೆದುಕೊಡಬೇಕು ಎಂದು ಅದು ವಿಧಿಸಿತು.

ಬೇರೆ ದೇಶಗಳಲ್ಲೂ ಇದೇ ಕಾಲಕ್ಕೆ ಇದೇ ತೊಡಕು ಬಿಚ್ಚುತ್ತಿತ್ತು. ಪೋರ್ಟೊರಿಕೋ ದ್ವೀಪ ೧೯೫೮ರಲ್ಲಿ, ಅಮೆರಿಕದ ಯೂಟಾ ಸಂಸ್ಥಾನ ೧೯೬೦ರಲ್ಲಿ, ಆಸ್ಟ್ರೇಲಿಯದ ನ್ಯೂ ಸೌತ್ ವೇಲ್ಸ್ ೧೯೬೧ರಲ್ಲಿ ಇಂಥ ಕಾಯಿದೆಗಳನ್ನು ಮಾಡಿದವು. ಅಮೆರಿಕನ್ನರು ಇಂಥ ಮನೆಯನ್ನು ‘ಕಾಂಡೋಮಿನಿಯಂ’ ಎಂದರು. ಕೂಡಿ ಆಳುವುದೆಂದು ಆ ಲ್ಯಾಟಿನ್ ಪದದ ಅರ್ಥ. ಈ ಪದ್ಧತಿಯಲ್ಲಿ ಮನೆ ಪ್ರತ್ಯೇಕವಾಗಿ ಕೊಂಡವನದೇ. ನೆಲದಲ್ಲಿಯೂ ಮೆಟ್ಟಿಲು ಮುಂತಾದವುಗಳಲ್ಲಿಯೂ ಅವನಿಗೆ ಬೇರ್ಪಡಿಸಲಾಗದ ಪಾಲು. ಅವಿಭಕ್ತ ಕುಟುಂಬದ ಆಸ್ತಿಯನ್ನು ಕಂಡ ನಮಗೆ ಇದು ತೀರ ಹೊಸದೇನೂ ಅಲ್ಲ. ಇಲ್ಲಿ ಒಟ್ಟಾದವರು ಅಣ್ಣತಮ್ಮಂದಿರಲ್ಲ, ಅಷ್ಟೇ. ಮಹಾರಾಷ್ಟ್ರದ ೧೯೭೦ರ, ಕರ್ನಾಟಕದ ೧೯೭೨ರ ಅಪಾರ್ಟ್‌ಮೆಂಟ್ ಒಡೆತನದ ಕಾಯಿದೆಗಳು ಈ ಜಾಡಿನವು.

ಕಾಯಿದೆ ಬಂದೊಡನೆ ಕಷ್ಟ ತೀರಲಿಲ್ಲ. ಸಂಘಕ್ಕೆ ನೆಲವನ್ನು ಬರೆದುಕೊಡುವ ಕೆಲಸವನ್ನು ಅನೇಕ ಬಿಲ್ಡರುಗಳು ವರ್ಷಗಟ್ಟಲೆ ಮುಂದೂಡಿದರು. ಜನ ಫ್ಲಾಟಿನಲ್ಲಿ ಗೃಹಪ್ರವೇಶ ಮಾಡಿ, ಮಕ್ಕಳ ಮದುವೆ ಮಾಡಿ, ಮೊಮ್ಮಕ್ಕಳನ್ನು ಕಂಡರು. ಕೆಳಗಿನ ನೆಲ ಮಾತ್ರ ಬೇರೊಬ್ಬರ ಹೆಸರಿನಲ್ಲಿಯೇ ಇತ್ತು. ಕೊನೆಗೆ, ಬಿಲ್ಡರ್ ಬಾರದಿದ್ದರೂ ಅಧಿಕಾರಿಯ ಆಜ್ಞೆಯಿಂದಲೇ ಹಕ್ಕು ವರ್ಗವಾಗುವ ಏರ್ಪಾಡು ೨೦೦೮ರಲ್ಲಿ ಜಾರಿಗೆ ಬಂತು.

ಇನ್ನೊಂದು ಅಪಾಯ ಎತ್ತರದ್ದು. ಇಷ್ಟು ನಿವೇಶನಕ್ಕೆ ಇಷ್ಟೇ ಕಟ್ಟಡವೆಂದು ನಗರಸಭೆಯ ಮಿತಿಯುಂಟು. ನೆಲ ದುಬಾರಿಯಾದಷ್ಟೂ ಆ ಮಿತಿಯ ಮೇಲೆ ಒಂದು ಅಂತಸ್ತು ಏರಿಸುವ ಆಸೆ ಹೆಚ್ಚು. ‘ಪ್ರತಿಭಾ’ ಎಂಬ ೩೬ ಅಂತಸ್ತಿನ ಕಟ್ಟಡದ ಮೇಲಿನ ಎಂಟು ಅಂತಸ್ತುಗಳನ್ನು ಕೆಡಹುವ ಆಜ್ಞೆಯನ್ನು ಸರ್ವೋಚ್ಚ ನ್ಯಾಯಾಲಯ ೧೯೯೧ರಲ್ಲಿ ಎತ್ತಿಹಿಡಿಯಿತು. ವರಳಿಯ ಕ್ಯಾಂಪಾ ಕೋಲಾ ಆವರಣದಲ್ಲಿ ೧೯೮೦ರ ದಶಕದಲ್ಲಿ ಎದ್ದ ಏಳು ಕಟ್ಟಡಗಳ ಕಥೆಯೂ ಅಂಥದೇ. ಅನುಮತಿ ಇದ್ದದ್ದು ಐದು ಅಂತಸ್ತುಗಳಿಗೆ. ಒಂದು ಕಟ್ಟಡ ಇಪ್ಪತ್ತರವರೆಗೂ ಏರಿತು. ಮೇಲಿನ ಮನೆಗಳು ಅಕ್ರಮವೆಂದು ೨೦೧೩ರಲ್ಲಿ ತೀರ್ಪಾದಾಗ ಅಲ್ಲಿ ವಾಸವಿದ್ದವರು ಹಣ ಕೊಟ್ಟವರೇ, ತೆರಿಗೆ ಕಟ್ಟಿದವರೇ. ಅವರಿಗೆ ಮಾರಿದವರು ಮಾತ್ರ ತಮ್ಮ ಹಣ ಎಣಿಸಿಕೊಂಡು ಎಂದೋ ಹೊರಟುಹೋಗಿದ್ದರು.

೨೦೧೬ರಲ್ಲಿ ಕೇಂದ್ರದ ಕಾಯಿದೆಯೊಂದು ಬಂದು ಹಲವು ಬಾಗಿಲುಗಳಿಗೆ ಅಗುಳಿ ಹಾಕಿದೆ. ನೋಂದಾಯಿತ ಕರಾರಿಲ್ಲದೆ ಬೆಲೆಯ ಹತ್ತನೆಯ ಒಂದು ಪಾಲಿಗಿಂತ ಹೆಚ್ಚು ಪಡೆಯುವಂತಿಲ್ಲ. ಗೋಡೆಗಳೊಳಗೆ ನಿಜವಾಗಿ ಬಳಕೆಗೆ ಸಿಕ್ಕುವ ಅಳತೆಯನ್ನೇ ಹೇಳಬೇಕು. ಇದೆಲ್ಲ ಒಳ್ಳೆಯದೇ. ಆದರೆ ಕಾಂಕ್ರೀಟಿಗೂ ಆಯುಸ್ಸುಂಟು. ಐವತ್ತು ಅರವತ್ತು ವರ್ಷದ ಹಳೆಯ ಕಟ್ಟಡಗಳನ್ನು ಕೆಡಹಿ ಹೊಸದು ಕಟ್ಟುವ ಕೆಲಸ ಮುಂಬಯಿಯಲ್ಲಿ ಈಗ ಬೀದಿಬೀದಿಯಲ್ಲೂ ನಡೆದಿದೆ. ಸೂರೂ ಗೋಡೆಯೂ ಹೋದ ದಿನ ಉಳಿಯುವುದು ಕೆಳಗಿನ ನೆಲ. ಆ ನೆಲ ಸಂಘದ ಹೆಸರಿನಲ್ಲಿದ್ದವರು ತಲೆಯೆತ್ತಿ ಮಾತಾಡುತ್ತಾರೆ; ಇಲ್ಲದವರು ಕಚೇರಿಯಿಂದ ಕಚೇರಿಗೆ ಅಲೆಯುತ್ತಾರೆ. ಆದಕಾರಣ ಹದಿನೆಂಟನೆಯ ಮಹಡಿಯ ಕಿಟಕಿಯಿಂದ ಸಮುದ್ರವನ್ನು ನೋಡಿ ಮೆಚ್ಚಿದವರು, ಮುಂಗಡ ಕೊಡುವ ಮೊದಲು ಒಮ್ಮೆ ಕೆಳಗಿಳಿದು ಬಂದು, ಈ ನೆಲ ಯಾರದೆಂದು ಕೇಳುವುದು ಒಳ್ಳೆಯದು. ಮೇಲೆ ಕೆಳಗೆ ಬಾಳಲಿರುವ ನೆರೆಯವರು ಯಾರೆಂದು ಕೇಳುವುದೂ ಒಳ್ಳೆಯದು. ಏಕೆಂದರೆ ಆ ನೆಲವನ್ನು ಮುಂದೆ ಅವರೊಡನೆ ಕೂಡಿಯೇ ಕಾಯಬೇಕಾಗುತ್ತದೆ.