ಐದು ದಿನಕ್ಕೆ ಖಾಲಿಯಾದ ಔಷಧಿ

ಹಳೇ ಕಥೆ ಸರಣಿ, ಇವತ್ತಿಂದು ಸ್ವಲ್ಪ ಉದ್ದ ಇದೆ. ಸೇವ್ ಮಾಡ್ಕೊಂಡು ಆಮೇಲೆ ಓದಿದ್ರೂ ಪರ್ವಾಗಿಲ್ಲ.

ನಿಮ್ಮ ಹಾಸ್ಟೆಲ್ ರೂಮಲ್ಲೋ ಮನೆ ಫ್ರಿಜ್ ಮೇಲೋ ಅರ್ಧ ಖಾಲಿಯಾದ ಆಂಟಿಬಯೋಟಿಕ್ ಸ್ಟ್ರಿಪ್ ಇದೆಯಾ? ಜ್ವರ ಬಿಟ್ಟ ಮೇಲೆ "ಮುಂದಿನ ಸಲಕ್ಕಾಗುತ್ತೆ" ಅಂತ ಎತ್ತಿಟ್ಟಿದ್ದು? ಇದು ಆ ಸ್ಟ್ರಿಪ್ಪಿನ ಪೂರ್ವಜರ ಕಥೆ.

1941ರ ಫೆಬ್ರುವರಿ 12, ಇಂಗ್ಲೆಂಡಿನ ಆಕ್ಸ್‌ಫರ್ಡ್. ಆಸ್ಪತ್ರೆಯಲ್ಲಿ ಆಲ್ಬರ್ಟ್ ಅಲೆಕ್ಸಾಂಡರ್ ಅನ್ನೋ 43 ವರ್ಷದ ಪೊಲೀಸ್ ಮಲಗಿದ್ರು. ಮುಖದ ಒಂದು ಗಾಯಕ್ಕೆ ಸೋಂಕಾಗಿ, ತಲೆಯೆಲ್ಲಾ ಕೀವು ತುಂಬಿ, ಒಂದು ಕಣ್ಣನ್ನೇ ತೆಗೆದಿದ್ರು. ಗುಲಾಬಿ ಮುಳ್ಳು ಗೀರಿ ಹೀಗಾಯ್ತು ಅಂತ ನೀವು ಎಲ್ಲೋ ಓದಿರ್ತೀರಿ. ಯುದ್ಧದ ಬಾಂಬ್ ದಾಳಿಯಲ್ಲಾದ ಗಾಯ ಅನ್ನೋ ಮಾತೂ ಇದೆ. ಮುಳ್ಳಿನ ಕಥೆ ಕೇಳೋಕೆ ಚೆನ್ನಾಗಿದೆ, ಅದಕ್ಕೇ ಅದು ಉಳ್ಕೊಂಡಿದೆ ಅನ್ಸುತ್ತೆ.

ಅವರಿಗೆ ಕೊಟ್ಟಿದ್ದು ಪೆನಿಸಿಲಿನ್. 1928ರಲ್ಲಿ ಲಂಡನ್ನಿನಲ್ಲಿ ಅಲೆಕ್ಸಾಂಡರ್ ಫ್ಲೆಮಿಂಗ್ ತಮ್ಮ ಲ್ಯಾಬ್ ತಟ್ಟೆಯ ಬೂಷ್ಟಿನಲ್ಲಿ ಅದನ್ನ ಗುರುತಿಸಿದ್ರು, ಆದ್ರೆ ಔಷಧಿಯಾಗಿ ಬೇರ್ಪಡಿಸೋಕೆ ಆಗಿರಲಿಲ್ಲ. ಆ ಕೆಲಸ ಆಗಿದ್ದು ಆಕ್ಸ್‌ಫರ್ಡಿನ ಫ್ಲೋರಿ, ಚೈನ್, ಹೀಟ್ಲಿ ತಂಡದಿಂದ. 1940ರ ಮೇ ತಿಂಗಳಲ್ಲಿ ಎಂಟು ಇಲಿಗಳಿಗೆ ಸೋಂಕು ಕೊಟ್ಟು, ನಾಲ್ಕಕ್ಕೆ ಮಾತ್ರ ಪೆನಿಸಿಲಿನ್ ಕೊಟ್ರು. ಬೆಳಗಾಗೋ ಹೊತ್ತಿಗೆ ಔಷಧಿ ಸಿಗದ ನಾಲ್ಕೂ ಸತ್ತಿದ್ವು. ಯುದ್ಧದ ಕಾಲ ಬೇರೆ, ಪಾತ್ರೆಗಳೇ ಸಿಗ್ತಿರಲಿಲ್ಲ. ಆಸ್ಪತ್ರೆಯ ಬೆಡ್‌ಪ್ಯಾನ್‌ಗಳಲ್ಲೂ ಬೂಷ್ಟು ಬೆಳೆಸಿದ್ರು!

ಅಲೆಕ್ಸಾಂಡರ್ ಕೆಲವೇ ದಿನದಲ್ಲಿ ಚೇತರಿಸ್ಕೊಂಡ್ರು. ಜ್ವರ ಇಳೀತು, ಊಟ ಸೇರ್ತು. ಆದ್ರೆ ಸ್ಟಾಕ್? ಅವರ ಮೂತ್ರದಿಂದಲೇ ಪೆನಿಸಿಲಿನ್ ವಾಪಸ್ ತೆಗೆದು ಅವರಿಗೇ ಕೊಟ್ರೂ ಐದು ದಿನಕ್ಕೆ ಎಲ್ಲ ಮುಗೀತು. ಸೋಂಕು ಮತ್ತೆ ಏರ್ತು. ಮಾರ್ಚ್ 15ಕ್ಕೆ ತೀರಿಕೊಂಡ್ರು. ಅದಾದ್ಮೇಲೆ ತಂಡ ಮಕ್ಕಳನ್ನ ಆರಿಸ್ಕೊಳ್ತು, ಯಾಕಂದ್ರೆ ಚಿಕ್ಕ ದೇಹಕ್ಕೆ ಕಮ್ಮಿ ಔಷಧಿ ಸಾಕು. ಬಿಕಾಂನವರಿಗೆ ಅಭಾವ ಅನ್ನೋ ಪದದ ಅರ್ಥ ಇದಕ್ಕಿಂತ ಚೆನ್ನಾಗಿ ಯಾವ ಟೆಕ್ಸ್ಟ್‌ಬುಕ್ಕೂ ಹೇಳಲ್ಲ.

ಆಮೇಲೆ ಅಮೆರಿಕದ ಪಿಯೋರಿಯಾ ಊರಿನ ಲ್ಯಾಬಲ್ಲಿ, ಬೂಷ್ಟು ಹಿಡಿದ ಒಂದು ಖರಬೂಜದಿಂದ ಹೆಚ್ಚು ಇಳುವರಿ ಕೊಡೋ ತಳಿ ಸಿಕ್ತು. ಯುದ್ಧ ಮುಗಿಯೋ ಹೊತ್ತಿಗೆ ಪೆನಿಸಿಲಿನ್ ಧಾರಾಳ.

ಇಲ್ಲೇ ನೋಡಿ ತಿರುವು. 1945ರ ಡಿಸೆಂಬರ್ 11ರಂದು ಫ್ಲೆಮಿಂಗ್ ತಮ್ಮ ನೊಬೆಲ್ ಭಾಷಣದಲ್ಲಿ ಒಂದು ಕಾಲ್ಪನಿಕ ಸಂಸಾರದ ಕಥೆ ಹೇಳಿದ್ರು. ಮಿಸ್ಟರ್ ಎಕ್ಸ್‌ಗೆ ಗಂಟಲು ನೋವು. ತಾನೇ ಪೆನಿಸಿಲಿನ್ ತಂದು ಅರೆಬರೆ ತಗೊಳ್ತಾನೆ. ರೋಗಾಣುಗಳು ಸಾಯಲ್ಲ, ಔಷಧಿಯನ್ನ ತಡ್ಕೊಳ್ಳೋದು ಕಲೀತವೆ. ಅವು ಹೆಂಡತಿಗೆ ಅಂಟುತ್ತವೆ, ಅವಳಿಗೆ ನ್ಯುಮೋನಿಯಾ ಆಗುತ್ತೆ, ಪೆನಿಸಿಲಿನ್ ಕೆಲಸ ಮಾಡಲ್ಲ. ಸಾಯೋದು ಅವಳು. ಗಮನಿಸಿ: ಮಾತ್ರೆಗೆ ಒಗ್ಗಿಕೊಳ್ಳೋದು ನಮ್ಮ ದೇಹ ಅಲ್ಲ, ಬ್ಯಾಕ್ಟೀರಿಯಾ. ಅದಕ್ಕೇ "ನನ್ನ ದೇಹ, ನನ್ನಿಷ್ಟ" ಅನ್ನೋ ವಾದ ಇಲ್ಲಿ ನಡೆಯಲ್ಲ.

ನಮ್ಮ ದೇಶದಲ್ಲಿ 2014ರ ಮಾರ್ಚಿಂದ ಶೆಡ್ಯೂಲ್ ಎಚ್1 ನಿಯಮ ಇದೆ. ಆ ಪಟ್ಟಿಯ ಆಂಟಿಬಯೋಟಿಕ್ ಮಾರಿದ್ರೆ ಡಾಕ್ಟರ್ ಹೆಸರು, ರೋಗಿ ಹೆಸರು ಮೆಡಿಕಲ್ ಶಾಪ್‌ನವರು ರಿಜಿಸ್ಟರಲ್ಲಿ ಬರೀಬೇಕು, ಮೂರು ವರ್ಷ ಇಟ್ಕೋಬೇಕು. ಸ್ಟ್ರಿಪ್ ಮೇಲೆ ಕೆಂಪು ಗೆರೆ ಕಂಡ್ರೆ ಚೀಟಿ ಇಲ್ದೆ ಕೇಳಬೇಡಿ. "ಅಣ್ಣಾ, ಎರಡೇ ಮಾತ್ರೆ ಕೊಡಿ" ಅಂದ್ರೆ ಕೆಲವು ಕಡೆ ಇನ್ನೂ ಕೊಡ್ತಾರೆ ಅನ್ನೋದು ನಿಮಗೂ ಗೊತ್ತು.

ನೆಗಡಿ, ಫ್ಲೂ ವೈರಸ್‌ನಿಂದ ಬರೋದು, ಅದಕ್ಕೆ ಇವು ಏನೂ ಮಾಡಲ್ಲ. ಕೋರ್ಸ್ ಎಷ್ಟು ದಿನ ಅನ್ನೋದು ಈಗ ಕೆಲವು ಸೋಂಕುಗಳಲ್ಲಿ ಕಮ್ಮಿ ಆಗಿದೆ ನಿಜ, ಆದ್ರೆ ಲೆಕ್ಕ ಡಾಕ್ಟರದ್ದು. ಮಧ್ಯದಲ್ಲಿ ನಿಲ್ಲಿಸಬೇಕು ಅನ್ಸಿದ್ರೆ ಕೇಳಿ ನಿಲ್ಲಿಸಿ. ಹಿಂದೆ ಯಾವುದಾದ್ರೂ ಔಷಧಿಗೆ ಅಲರ್ಜಿ ಆಗಿದ್ರೆ ಬರೆಯೋಕೆ ಮುಂಚೆನೇ ಹೇಳಿ. ಮಾತ್ರೆ ನುಂಗಿದ ಮೇಲೆ ಮುಖ ಊದಿದ್ರೆ, ಉಸಿರು ಕಟ್ಟಿದ್ರೆ ಮೆಸೇಜ್ ಮಾಡ್ತಾ ಕೂರಬೇಡಿ, ಸೀದಾ ಆಸ್ಪತ್ರೆಗೆ ಹೋಗಿ.

ಮುಂದಿನ ಭಾಗ: ಸ್ವಾತಂತ್ರ್ಯ ಬಂದ ಮೇಲೆ ಪುಣೆ ಹತ್ರದ ಪಿಂಪ್ರಿಯಲ್ಲಿ ಸರ್ಕಾರವೇ ಪೆನಿಸಿಲಿನ್ ಫ್ಯಾಕ್ಟರಿ ಕಟ್ಟಿದ್ದು ಯಾಕೆ?